ಜೀವನಕಥೆಗಳ ಮೂಲಕ ಇಂಗ್ಲಿಷ್ ಕಾಲರೂಪಗಳನ್ನು ಕಲಿಸುವುದು ಹೇಗೆ?

ಪ್ರಶ್ನೆ

ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಕಾಲರೂಪಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದನ್ನು ಬಿಟ್ಟು, ಈ ಬಾರಿ ಮೇರಿ ಕ್ಯೂರಿಯವರ ಜೀವನಕಥೆಯನ್ನು ಹೇಳಿ, ಅದನ್ನು ಸ್ವಂತ ವಾಕ್ಯಗಳಲ್ಲಿ ಬರೆಯಲು ಹೇಳಿದೆ. ಮಕ್ಕಳು ಆಸಕ್ತಿಯಿಂದಲೇ ಬರೆದರು. ಆದರೆ ಹಲವರು 'ಶಿ ಹ್ಯಾಸ್ ವನ್ ದ ನೊಬೆಲ್ ಪ್ರೈಜ್ ಇನ್ 1903' ಎಂದು ಬರೆದಿದ್ದರು. ಇನ್ನು ಕೆಲವರು, ಬಹಳ ಹಿಂದೆ ನಡೆದ ಸಂಗತಿ ಎಂಬ ಕಾರಣಕ್ಕೆ, ಪ್ರತಿ ವಾಕ್ಯಕ್ಕೂ 'ಹ್ಯಾಡ್' ಸೇರಿಸಿದ್ದರು. ನಿಯಮವನ್ನೇ ಮತ್ತೆ ಒಪ್ಪಿಸದೆ, ಕಥೆಯೊಳಗಿನಿಂದಲೇ ಈ ವ್ಯತ್ಯಾಸವನ್ನು ಕಾಣಿಸಲು ದಾರಿಯಿದೆಯೇ?

ಉತ್ತರ 1

ಮೊದಲನೆಯ ತಪ್ಪಿನ ಬೇರು ಕನ್ನಡದಲ್ಲಿದೆ. 'ಅವರು 1903ರಲ್ಲಿ ಬಹುಮಾನ ಪಡೆದಿದ್ದಾರೆ' ಎಂಬುದು ನಮ್ಮಲ್ಲಿ ಸರಿಯಾದ ವಾಕ್ಯವಾದ್ದರಿಂದ ಮಗು ಅದನ್ನೇ ಇಂಗ್ಲಿಷಿಗೆ ತರುತ್ತದೆ. ಕ್ಯೂರಿಯವರ ಪಕ್ಕದಲ್ಲಿ ಮಲಾಲಾ ಯೂಸುಫ್‌ಝೈ ಅವರ ಕಥೆಯನ್ನೂ ಇಡಿ. 'ಮಲಾಲಾ ಹ್ಯಾಸ್ ವನ್ ದ ನೊಬೆಲ್ ಪೀಸ್ ಪ್ರೈಜ್' ಎನ್ನಬಹುದು. ಕೊನೆಗೆ 'ಇನ್ 2014' ಎಂದು ಸೇರಿಸಿದ ಕೂಡಲೇ 'ಹ್ಯಾಸ್' ಹೋಗಬೇಕು. ಕ್ಯೂರಿಯವರು 1934ರಲ್ಲೇ ತೀರಿಕೊಂಡದ್ದರಿಂದ, ಅವರು ಗಳಿಸಿದ ಬಹುಮಾನಗಳನ್ನು ಹೇಳುವಾಗ ಇಸವಿ ಇಲ್ಲದಿದ್ದರೂ 'ವನ್' ಎಂಬುದೇ ಸಹಜ. ಈ ಇಬ್ಬರನ್ನು ಹೋಲಿಸಿದರೆ ಮಕ್ಕಳಿಗೆ ವ್ಯತ್ಯಾಸ ತಾನಾಗಿಯೇ ಹೊಳೆಯುತ್ತದೆ.

ಉತ್ತರ 2

'ಹ್ಯಾಡ್' ಬಗ್ಗೆ ಒಂದು ಮಾತು. ಕಪ್ಪುಹಲಗೆಯ ಮೇಲೆ ಗೆರೆ ಎಳೆದು 1891 ಪ್ಯಾರಿಸ್, 1903 ಮೊದಲ ನೊಬೆಲ್, 1906 ಪತಿ ಪಿಯರ್ ಸಾವು, 1911 ಎರಡನೆಯ ನೊಬೆಲ್ ಎಂದು ಗುರುತಿಸಿ. ಇದೇ ಕ್ರಮದಲ್ಲಿ ಹೇಳುತ್ತ ಹೋದರೆ 'ಹ್ಯಾಡ್' ಎಲ್ಲಿಯೂ ಬೇಕಾಗುವುದಿಲ್ಲ ಎಂಬುದನ್ನು ಮೊದಲು ತೋರಿಸಿ. ಆಮೇಲೆ ಕಥೆಯನ್ನು 1911ರಿಂದ ಆರಂಭಿಸಿ ಹಿಂದಕ್ಕೆ ನೋಡಲು ಹೇಳಿ: 'ವೆನ್ ಶಿ ವನ್ ದ ಸೆಕೆಂಡ್ ಪ್ರೈಜ್, ಪಿಯರ್ ಹ್ಯಾಡ್ ಆಲ್ರೆಡಿ ಡೈಡ್.' ಎಷ್ಟು ಹಳೆಯ ಘಟನೆ ಎಂಬುದಲ್ಲ, ಕಥೆ ನಿಂತಿರುವ ಹೊತ್ತಿಗಿಂತ ಮೊದಲು ನಡೆದದ್ದು ಯಾವುದು ಎಂಬುದೇ ಇಲ್ಲಿ ಮುಖ್ಯ. ನನ್ನ ತರಗತಿಯಲ್ಲಿ ಕಥೆಯನ್ನು ನಡುವಿನಿಂದ ಹೇಳಿಸಿದ ದಿನವೇ ಅನಗತ್ಯ 'ಹ್ಯಾಡ್'ಗಳು ಬಹುಮಟ್ಟಿಗೆ ಉದುರಿಹೋದವು.

ಉತ್ತರ 3

ಮೇಲಿನ ಎರಡೂ ಸಲಹೆಗಳನ್ನು ಒಪ್ಪುತ್ತೇನೆ. ಆದರೆ ಪ್ರಸಿದ್ಧರ ಕಥೆಗಳಲ್ಲಿ ಭೂತಕಾಲವೇ ತುಂಬಿರುತ್ತದೆ. ಎದುರಿಗೇ ಕುಳಿತು ಮಾತನಾಡಬಲ್ಲ ಒಬ್ಬರ ಕಥೆಯೂ ಬೇಕು. ನನ್ನ ವಿದ್ಯಾರ್ಥಿನಿಯೊಬ್ಬಳು ತನ್ನ ಚಿಕ್ಕಮ್ಮನನ್ನು ಮಾತನಾಡಿಸಿ ಬಂದು, 'ಶಿ ಈಸ್ ಸ್ಟಿಚಿಂಗ್ ಕ್ಲೋದ್ಸ್ ಸಿನ್ಸ್ 2010' ಎಂದು ಬರೆದಳು. ಈಗ ನಡೆಯುತ್ತಿರುವುದಕ್ಕೂ ಹಿಂದೆ ಶುರುವಾಗಿ ಈಗಲೂ ಮುಂದುವರಿದಿರುವುದಕ್ಕೂ 'ಹೊಲಿಯುತ್ತಿದ್ದಾರೆ' ಎಂಬ ಒಂದೇ ರೂಪವನ್ನು ಕನ್ನಡ ಬಳಸುತ್ತದೆ. ಇಂಗ್ಲಿಷಿನಲ್ಲಿ 'ಸಿನ್ಸ್' ಬಂದರೆ 'ಹ್ಯಾಸ್ ಬೀನ್ ಸ್ಟಿಚಿಂಗ್' ಎನ್ನಬೇಕು. ಅವಳು ವಾಕ್ಯವನ್ನು ತಾನೇ ತಿದ್ದಿ, ಚಿಕ್ಕಮ್ಮನಿಗೆ ಓದಿ ಹೇಳಿದಳು. ಯಾರ ಕಥೆ ಬರೆಯಬೇಕೆಂಬ ಆಯ್ಕೆಯನ್ನು ಮಾತ್ರ ಮಕ್ಕಳಿಗೇ ಬಿಡಿ. ಮನೆಯ ಕಥೆಯನ್ನು ತರಗತಿಯಲ್ಲಿ ಹೇಳಿಕೊಳ್ಳುವುದು ಎಲ್ಲರಿಗೂ ಸುಲಭವಲ್ಲ.