ಕಾರಿನ 'ಅರ್ತ್'ಗೆ ಕನ್ನಡದಲ್ಲಿ ಏನನ್ನೋಣ? (ಇವತ್ತೇ ಬೇಕು)

ಎಲ್ಲರಿಗೂ ನಮಸ್ಕಾರ. ತುಮಕೂರಿನ ಅಂತರಸನಹಳ್ಳಿ ಹತ್ತಿರ ನಮ್ಮಣ್ಣನ ಗ್ಯಾರೇಜ್ ಇದೆ. ಹೊಸ ಹುಡುಗರಿಗೆ ಅಂತ ಗೋಡೆ ಮೇಲೆ ಬೋರ್ಡ್ ಬರೆಸುತ್ತಿದ್ದಾನೆ, ಹಳೇ ಕಾರಿನಲ್ಲಿ ಫ್ಯೂಯಲ್ ಪಂಪ್ (ಟ್ಯಾಂಕಿನಿಂದ ಇಂಜಿನ್ನಿಗೆ ಪೆಟ್ರೋಲ್ ತಳ್ಳೋದು) ಓಡದಿದ್ದರೆ ಏನೇನು ನೋಡಬೇಕು ಅಂತ. ಸಂಜೆ ಐದಕ್ಕೆ ಪೇಂಟರ್ ಬರುತ್ತಾನೆ. ಫ್ಯೂಸ್, ರಿಲೇ ಹಾಗೇ ಬರೆದೆ. ಸಿಕ್ಕಿಕೊಂಡಿದ್ದು 'ಅರ್ತ್' ಹತ್ತಿರ. ಶಾಲೆಯಲ್ಲಿ ಓದಿದ್ದು 'ಭೂಸಂಪರ್ಕ'. ಆದರೆ ಕಾರು ನಿಂತಿರೋದು ನಾಲ್ಕು ರಬ್ಬರ್ ಟೈರ್ ಮೇಲೆ, ಭೂಮಿ ಎಲ್ಲಿಂದ ಬಂತು? ಬ್ಯಾಟರಿ ಮೈನಸ್ ಕಾರಿನ ಬಾಡಿಗೆ, ಪಂಪಿನ ಕರಿ ವೈರೂ ಬಾಡಿಗೆ. ಬಾಡಿ ತಗಡೇ ಕರೆಂಟಿಗೆ ವಾಪಸ್ ದಾರಿ, ಅದನ್ನೇ ಅರ್ತ್ ಅನ್ನೋದು.

ಸುಮ್ನೆ ಕೇಳುತ್ತಿಲ್ಲ. ಹೋದ ವಾರ ಒಂದು ಕಾರು ಬಂತು. ಕೀ ತಿರುಗಿಸಿದರೆ ಹಿಂದಿನ ಸೀಟ್ ಕೆಳಗೆ ಪಂಪ್ ಎರಡು ಸೆಕೆಂಡ್ ಗುಂಯ್ ಅನ್ನಬೇಕು, ಅನ್ನಲಿಲ್ಲ. ಹುಡುಗ ಮೀಟರ್ ಹಿಡಿದ, 12 ವೋಲ್ಟ್ ತೋರಿಸಿತು, ಹಾಗಾದರೆ ಪಂಪೇ ಹೋಗಿದೆ ಅಂತ ಹೊಸದು ತರಿಸಿ ಹಾಕಿದ. ಅದೂ ಓಡಲಿಲ್ಲ. ಅಣ್ಣ ಬಂದು ಪಂಪಿನ ಬದಲು ಅದೇ ಕನೆಕ್ಟರ್‌ಗೆ ಹೆಡ್‌ಲೈಟ್ ಬಲ್ಬ್ ಕೊಟ್ಟ. ದೀಪಾವಳಿ ಹಣತೆ ಹಾಗೆ ಮಿಣಿಮಿಣಿ. ಬಲ್ಬಿನ ಮೈನಸ್ಸನ್ನು ಉದ್ದ ವೈರಿನಲ್ಲಿ ನೇರ ಬ್ಯಾಟರಿಗೆ ಕೊಟ್ಟರೆ ಜಗ್ಗನೆ ಉರೀತು. ಕರಿ ವೈರಿನ ಬೋಲ್ಟ್ ಬಿಚ್ಚಿದರೆ ವಾಷರ್ ಕೆಳಗೆ ಪಾಚಿ ಹಾಗೆ ಹಸಿರು ಕಟ್ಟಿತ್ತು. ಮೀಟರ್ ಎಳೆಯೋ ಕರೆಂಟ್ ಎಷ್ಟು ಮಹಾ, ತುಕ್ಕಿನ ಮೂಲಕವೂ 12 ತೋರಿಸುತ್ತೆ. ಪಂಪಿಗೆ ಅಷ್ಟು ಸಾಲದು. ಹಂಗಾಗಿ ಬೋರ್ಡಿನಲ್ಲಿ ಈ ಪದ ಎಲ್ಲಕ್ಕಿಂತ ಮುಖ್ಯ.

— ತುಮಕೂರು

ಅರ್ತ್ ಅಂತಲೇ ಬರೆಯಿರಿ, ಮುಗೀತು. ಶಿವನಸಮುದ್ರದಿಂದ ನಮ್ಮ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಬಂದಿದ್ದು 1902ರಲ್ಲಿ. ನೂರಿಪ್ಪತ್ತು ವರ್ಷ ಆದ ಮೇಲೆ ಈಗ ಹೆಸರಿಡೋಕೆ ಕೂತಿದ್ದೀರಾ?

— ಕೋಲಾರ

ಹೀಗೆ ಕೈಚೆಲ್ಲಿದ್ದಕ್ಕೇ ಕನ್ನಡಕ್ಕೆ ಈ ಗತಿ. 'ಭೂಸಂಪರ್ಕ' ಪೂರ್ತಿ ಸಂಸ್ಕೃತ, ಬೇಡವೇ ಬೇಡ. ನಮ್ಮದೇ 'ನೆಲ' ಇದೆ. ನೆಲ, ನೆಲೆ, ನಿಲ್ಲು, ಮೂರೂ ಒಂದೇ ಬೇರಿನವು. ಕರೆಂಟ್ ಎಲ್ಲಿ ಹೋಗಿ ನೆಲೆ ನಿಲ್ಲುತ್ತದೋ ಅದೇ ನೆಲ, ಟೈರಿನ ಮಾತು ಇಲ್ಲಿ ಬರೋದೇ ಇಲ್ಲ. 'ವಾಪಸ್' ಪಾರ್ಸಿ, ಅದರ ಬದಲು 'ಮರಳುದಾರಿ' ಅನ್ನಿ. ಅಪ್ಪಿತಪ್ಪಿ ಪಂಪಿನ ಹೆಸರಿಗೆ 'ಇಂಧನ' ಸೇರಿಸೀರಾ, ಮೊದಲು ಅದರ ಅರ್ಥ ಉರಿಸುವ ಸೌದೆ. ದುರಸ್ತಿ ಕೆಲಸದವರು ಅಚ್ಚಗನ್ನಡ ಬಳಸಿದರೆ ಊರೆಲ್ಲ ಬಳಸುತ್ತದೆ.

— ಚಿಂತಾಮಣಿ

'ದುರಸ್ತಿ' ಯಾವೂರಿನ ಅಚ್ಚಗನ್ನಡ ಸ್ವಾಮಿ? ಅದೂ ಪಾರ್ಸಿಯೇ. ಇನ್ನು ಕರೆಂಟ್ ಎಲ್ಲೂ ನೆಲೆ ನಿಲ್ಲಲ್ಲ, ಸುತ್ತುತ್ತೆ. ನಿಂತರೆ ಪಂಪೂ ನಿಲ್ಲುತ್ತೆ.

— ಕೋಲಾರ

ಜಗಳ ಆಮೇಲೆ ಆಡಿ. 'ಅರ್ತ್' ಅಂತ ಬರೆದುಕೊಟ್ಟೆ ಅಂದುಕೊಳ್ಳಿ, ಪೇಂಟರ್ ಅದನ್ನು ಮಹಾಪ್ರಾಣ ಮಾಡಿ 'ಅರ್ಥ ಸರಿಯಿದೆಯಾ ನೋಡು' ಅಂತ ಬರೆಯೋದು ಗ್ಯಾರಂಟಿ. ಬಸ್ಸು, ಕಾರು ಹಾಗೆ 'ಅರ್ತು' ಮಾಡಿ, ಬಾಯಿಗೂ ಕೂರುತ್ತೆ. 'ಬಾಡಿಗೆ' ಅಂತ ಮಾತ್ರ ಬರೆಯಬೇಡಿ. ಕರಿ ವೈರು ಬಾಡಿಗೆಗೆ ಕೂತಿದೆ ಅಂದುಕೊಳ್ತಾರೆ.

— ಶಿಡ್ಲಘಟ್ಟ

ಪೇಂಟರ್ ನಾಲ್ಕೂವರೆಗೇ ಬಂದುಬಿಟ್ಟ. ಅಣ್ಣ ನಿಮ್ಮದೆಲ್ಲ ಓದಿಸಿ ಕೇಳಿ, 'ಪದ ಏನಾದ್ರೂ ಇರಲಿ, ಮಾಡೋ ಕೆಲಸ ಬರಿ' ಅಂದ. ಈಗ ಬೋರ್ಡಿನಲ್ಲಿ ಹೀಗಿದೆ: 'ಹೊಸ ಪಂಪ್ ಕೇಳೋಕೆ ಮುಂಚೆ ಕರಿ ವೈರ್ ತಗಡಿಗೆ ಕೂತಿರೋ ಬೋಲ್ಟ್ ಬಿಚ್ಚು. ಉಜ್ಜು. ಬಲ್ಬ್ ಹಾಕಿ ನೋಡು. ಪೆಟ್ರೋಲ್ ವಾಸನೆ ಇದ್ದರೆ ಬಲ್ಬ್ ಮುಟ್ಟಬೇಡ.' ತಲೆಬರಹದಲ್ಲಿ ಮಾತ್ರ 'ಅರ್ತು' ಇದೆ. 'ತ' ಸರಿಯಾಗಿ ಬಂದಿದೆ, 'ಥ' ಆಗಿಲ್ಲ, ನಿಂತು ನೋಡಿಕೊಂಡೆ.

— ತುಮಕೂರು