ಸಹಾಯ ಬೇಕು: ರೂಟ್ 66ರಲ್ಲಿ ಅಪ್ಪ, ಅಮ್ಮ ಮತ್ತು ಕತ್ತೆಗಳು

ನಮಸ್ಕಾರ. ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಒಂದು ವಿಚಾರಣೆ. ಊರಿನಿಂದ ಬಂದಿರುವ ಅಪ್ಪ–ಅಮ್ಮನನ್ನು ಅರಿಜೋನಾದ ಹಳೆಯ ರೂಟ್ 66ರಲ್ಲಿ ಸೆಲಿಗ್ಮನ್‌ನಿಂದ ಕಿಂಗ್ಮನ್ ದಾಟಿ ಓಟ್ಮನ್‌ವರೆಗೆ ಕರೆದೊಯ್ಯಬೇಕೆಂದಿದ್ದೇನೆ. 1926ರಲ್ಲಿ ಹುಟ್ಟಿದ ಹೆದ್ದಾರಿ. 1985ರಲ್ಲಿ ಅಧಿಕೃತ ಪಟ್ಟಿಯಿಂದಲೇ ತೆಗೆದುಹಾಕಿದರೂ ಅಲ್ಲಿ ಉದ್ದಕ್ಕೆ ಉಳಿದಿದೆ.

ಇಪ್ಪತ್ತು ವರ್ಷದ ಹಿಂದೆ, ವಿದ್ಯಾರ್ಥಿಯಾಗಿದ್ದಾಗ ಗೆಳೆಯರ ಜೊತೆ ಹೋಗಿದ್ದೆ. ಓಟ್ಮನ್‌ನ ಬೀದಿಯಲ್ಲಿ ಒಂದು ಕತ್ತೆ ಕಿಟಕಿಯೊಳಗೆ ಮೂತಿ ತೂರಿಸಿ, ಅಮ್ಮ ಕಳಿಸಿದ್ದ ಚಕ್ಕುಲಿಯ ಪೊಟ್ಟಣವನ್ನೇ ಎಳೆದುಕೊಂಡಿತ್ತು. ಹಿಂದೆ ಚಿನ್ನದ ಗಣಿಯವರು ಬಿಟ್ಟುಹೋದ ಕತ್ತೆಗಳ ಸಂತತಿಯಂತೆ. ಅಮ್ಮನಿಗೆ ಈಗ ಅದರ ವಂಶಸ್ಥರನ್ನು ನೋಡಲೇಬೇಕಂತೆ!

ತೊಡಕಿರುವುದು ಕಿಂಗ್ಮನ್ ಮತ್ತು ಓಟ್ಮನ್ ನಡುವೆ ಬೆಟ್ಟ ದಾಟುವ ಸಿಟ್‌ಗ್ರೀವ್ಸ್ ಕಣಿವೆದಾರಿಯಲ್ಲಿ. ಕಡಿದಾದ ತಿರುವು, ಅನೇಕ ಕಡೆ ತಡೆಗೋಡೆಯಿಲ್ಲ. ಅಪ್ಪ ಚಾರ್ಮಾಡಿ ಘಾಟಿಯಲ್ಲಿ ಬಸ್ಸು ಓಡಿಸಿದವರು, ಅವರಿಗೇನೂ ಅಂಜಿಕೆಯಿಲ್ಲ. ಅಮ್ಮ ಮಾತ್ರ ಮೊದಲ ತಿರುವಿಗೇ ನಿಂಬೆಹಣ್ಣು ಮೂಸಲು ಶುರುಮಾಡುತ್ತಾರೆ.

ಏಳು ಆಸನದ ಬಾಡಿಗೆ ವ್ಯಾನಿನಲ್ಲಿ ಇತ್ತೀಚೆಗೆ ಹೋದವರು ಯಾರಾದರೂ ಇದ್ದೀರಾ? ನಡುವೆ ನಿಲ್ಲಿಸಿ ಸುಧಾರಿಸಿಕೊಳ್ಳಲು ಜಾಗ ಸಿಗುತ್ತದೆಯೇ? ರಾತ್ರಿ ಕಿಂಗ್ಮನ್‌ನಲ್ಲಿ ತಂಗಿ ಬೆಳಿಗ್ಗೆ ಹೊರಡುವುದು ಮೇಲೋ, ಒಂದೇ ದಿನದಲ್ಲಿ ಓಟ್ಮನ್ ದಾಟಿ ಕ್ಯಾಲಿಫೋರ್ನಿಯಾದ ನೀಡಲ್ಸ್ ಊರು ತಲುಪಬಹುದೋ? ಮೊಟ್ಟೆಯೂ ಇಲ್ಲದ ಊಟ ಸಿಗುವ ಜಾಗವಿದ್ದರೆ ದಯವಿಟ್ಟು ತಿಳಿಸಿ. ಇಲ್ಲವಾದರೆ ಪುಳಿಯೋಗರೆ ಕಟ್ಟಿಕೊಳ್ಳುತ್ತೇವೆ, ಕತ್ತೆಗಳಿಗೆ ಕಾಣದಂತೆ.