ಅಣುವಿದ್ಯುತ್ ಸ್ಥಾವರಕ್ಕೆ ಸಿಬ್ಬಂದಿ ತಯಾರಾಗುವ ಬಗೆ: ಪ್ರಶ್ನೋತ್ತರ

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿ): ನಾನು ಮೆಕ್ಯಾನಿಕಲ್ ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಅಣುವಿದ್ಯುತ್ ಕ್ಷೇತ್ರಕ್ಕೆ ಹೋಗಬೇಕಾದರೆ ನ್ಯೂಕ್ಲಿಯರ್ ಎಂಜಿನಿಯರಿಂಗ್‌ನಲ್ಲಿಯೇ ಸ್ನಾತಕೋತ್ತರ ಪದವಿ ಬೇಕೇ?

ಉತ್ತರ: ನ್ಯೂಟ್ರಾನುಗಳ ಲೆಕ್ಕಾಚಾರ, ಇಂಧನದ ವರ್ತನೆ, ಅಪಘಾತಗಳ ಸುರಕ್ಷತಾ ವಿಶ್ಲೇಷಣೆ ಇವುಗಳಲ್ಲಿ ನಿಮಗೆ ಆಸಕ್ತಿಯಿದ್ದರೆ ಬೇಕು. ಸ್ಥಾವರವನ್ನು ಕಟ್ಟುವುದು, ನಡೆಸುವುದು, ದುರಸ್ತಿ ಮಾಡುವುದು ನಿಮ್ಮ ಗುರಿಯಾಗಿದ್ದರೆ ಬೇಡ. ಸ್ಥಾವರದ ಬಹುಪಾಲು ಕೆಲಸ ಪಂಪು, ಕವಾಟ, ಶಾಖ ವಿನಿಮಯಕ, ಟರ್ಬೈನ್, ಜನರೇಟರ್, ಅಳತೆಯ ಉಪಕರಣ ಮತ್ತು ನೀರಿನ ರಸಾಯನಶಾಸ್ತ್ರಕ್ಕೆ ಸೇರಿದ್ದು. ಆದ್ದರಿಂದ ಅಲ್ಲಿನ ಜನರಲ್ಲಿ ಹೆಚ್ಚಿನವರು ತಮ್ಮ ಮೂಲ ವೃತ್ತಿಯನ್ನು ಬೇರೆಡೆ ಕಲಿತು, ರಿಯಾಕ್ಟರ್ ಮತ್ತು ವಿಕಿರಣದ ವಿಷಯವನ್ನು ಅದರ ಮೇಲೆ ಸೇರಿಸಿಕೊಂಡವರು. ಪರಮಾಣು ತಜ್ಞರೇ ಆಗಿರುವವರು ಒಂದು ಚಿಕ್ಕ ಗುಂಪು.

ಇದು ಈ ಕ್ಷೇತ್ರದ ಆರಂಭದಿಂದಲೂ ಬಂದ ಕ್ರಮ. ವಿಶ್ವವಿದ್ಯಾಲಯಗಳಲ್ಲಿ ಇಂತಹ ಪಾಠಕ್ರಮಗಳು ಇನ್ನೂ ಬೇರೂರದಿದ್ದ ಕಾಲದಲ್ಲಿ ಸಂಶೋಧನಾ ಕೇಂದ್ರಗಳೇ ಶಾಲೆಗಳನ್ನು ತೆರೆದವು: ಅಮೆರಿಕದ ಓಕ್ ರಿಡ್ಜ್‌ನಲ್ಲಿ 1950ರಲ್ಲಿ, ಫ್ರಾನ್ಸಿನ ಸಾಕ್ಲೆಯಲ್ಲಿ 1956ರಲ್ಲಿ, ಭಾರತದ ಟ್ರಾಂಬೆಯಲ್ಲಿ 1957ರಲ್ಲಿ. ಟ್ರಾಂಬೆಯ ಶಾಲೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಎಂಜಿನಿಯರಿಂಗ್ ಪದವೀಧರರನ್ನು ಒಟ್ಟಿಗೆ ಕೂರಿಸಿ, ಸುಮಾರು ಒಂದು ವರ್ಷದ ಬಿಗಿಯಾದ ಪಾಠ ಕೊಡುವ ಪದ್ಧತಿಯನ್ನು ಹಾಕಿತು. ನಿಮ್ಮ ಕೈಯಲ್ಲಿರುವ ಸಮಯವನ್ನು ಉಷ್ಣಗತಿಶಾಸ್ತ್ರ, ದ್ರವಚಲನೆ ಮತ್ತು ಲೋಹಶಾಸ್ತ್ರವನ್ನು ಗಟ್ಟಿಮಾಡಿಕೊಳ್ಳಲು ಬಳಸಿರಿ ಎಂಬುದೇ ನನ್ನ ಸಲಹೆ. ರಿಯಾಕ್ಟರನ್ನು ಸ್ಥಾವರದವರು ಕಲಿಸುತ್ತಾರೆ. ಉಷ್ಣಗತಿಶಾಸ್ತ್ರವನ್ನು ಮೊದಲಿನಿಂದ ಕಲಿಸುವಷ್ಟು ವ್ಯವಧಾನ ಅಲ್ಲಿ ಯಾರಿಗೂ ಇರುವುದಿಲ್ಲ.

ಪ್ರಶ್ನೆ (ಇನ್ನೊಬ್ಬ ಸದಸ್ಯರು): ನಿಯಂತ್ರಣ ಕೊಠಡಿಯ ಆಪರೇಟರುಗಳನ್ನು ಸಿಮ್ಯುಲೇಟರಿನಲ್ಲಿ ಪಳಗಿಸುತ್ತಾರೆಂದು ಓದಿದ್ದೇನೆ. ಅಲ್ಲಿ ಸಾಕಷ್ಟು ಅಭ್ಯಾಸವಾದರೆ ಆಯಿತಲ್ಲವೇ?

ಉತ್ತರ: ಸಿಮ್ಯುಲೇಟರಿನಲ್ಲಿ ಏನನ್ನು ಅಭ್ಯಾಸ ಮಾಡಿಸುತ್ತಾರೆ ಎಂಬುದನ್ನು ಅವಲಂಬಿಸಿದೆ. 1979ರ ಮಾರ್ಚ್ 28ರಂದು ಅಮೆರಿಕದ ಅಣುವಿದ್ಯುತ್ ಸ್ಥಾವರವಾದ ತ್ರೀ ಮೈಲ್ ಐಲೆಂಡ್‌ನಲ್ಲಿ ಪಾಳಿಯಲ್ಲಿದ್ದವರು ಪರವಾನಗಿ ಪಡೆದವರು, ಸಿಮ್ಯುಲೇಟರಿನಲ್ಲಿ ತರಬೇತಾದವರು. ಅಂದು ಒತ್ತಡ ಇಳಿಸುವ ಕವಾಟವೊಂದು ತೆರೆದುಕೊಂಡು ಮತ್ತೆ ಮುಚ್ಚಿಕೊಳ್ಳಲಿಲ್ಲ. ಫಲಕದ ದೀಪವು ಕವಾಟದ ನಿಜಸ್ಥಿತಿಯನ್ನು ತೋರಿಸುತ್ತಿರಲಿಲ್ಲ, ಮುಚ್ಚುವ ಆಜ್ಞೆ ಹೋಗಿದೆ ಎಂಬುದನ್ನಷ್ಟೇ ತೋರಿಸುತ್ತಿತ್ತು. ಹೀಗಾಗಿ ಕವಾಟ ಮುಚ್ಚಿದೆ ಎಂದೇ ಅವರು ನಂಬಿದರು. ಪ್ರೆಶರೈಜರಿನಲ್ಲಿ (ರಿಯಾಕ್ಟರಿನ ನೀರಿನ ಒತ್ತಡವನ್ನು ಕಾಪಾಡುವ ತೊಟ್ಟಿಯಲ್ಲಿ) ನೀರಿನ ಮಟ್ಟ ಏರುತ್ತಿರುವುದನ್ನು ಕಂಡಾಗ ಅದು ಪೂರ್ತಿ ತುಂಬದಂತೆ ನೋಡಿಕೊಳ್ಳಬೇಕೆಂದು ಅವರಿಗೆ ಒತ್ತಿ ಒತ್ತಿ ಹೇಳಲಾಗಿತ್ತು. ಅವರು ಹಾಗೆಯೇ ನಡೆದು, ತಾನಾಗಿಯೇ ಚಾಲೂ ಆಗಿದ್ದ ತುರ್ತು ನೀರಿನ ಹರಿವನ್ನು ತಗ್ಗಿಸಿದರು. ವಾಸ್ತವದಲ್ಲಿ ವ್ಯವಸ್ಥೆಯ ನೀರು ಸೋರಿ ಹೋಗುತ್ತಿತ್ತು, ಒತ್ತಡ ಇಳಿದು ಉಳಿದ ನೀರು ಕುದಿಯತೊಡಗಿತ್ತು, ಮೇಲ್ನೋಟದ ಮಟ್ಟಕ್ಕೆ ಅರ್ಥವೇ ಉಳಿದಿರಲಿಲ್ಲ. ಸೋರಿಕೆಯ ದಾರಿಯನ್ನು ಮುಚ್ಚುವ ಹೊತ್ತಿಗೆ ಎರಡು ಗಂಟೆಗಿಂತ ಹೆಚ್ಚು ಕಳೆದಿತ್ತು, ಕೊನೆಗೆ ಇಂಧನ ಗರ್ಭದ (ರಿಯಾಕ್ಟರಿನೊಳಗೆ ಇಂಧನವಿರುವ ಭಾಗದ) ಸುಮಾರು ಅರ್ಧಭಾಗ ಕರಗಿತು.

ತರಬೇತಿಯ ದೃಷ್ಟಿಯಿಂದ ಇದಕ್ಕಿಂತ ಕಹಿಯಾದ ಸಂಗತಿಯೊಂದಿದೆ. 1977ರ ಸೆಪ್ಟೆಂಬರಿನಲ್ಲಿ ಅದೇ ತಯಾರಕರ ಡೇವಿಸ್-ಬೆಸ್ಸೆ ಸ್ಥಾವರದಲ್ಲಿಯೂ ಕವಾಟ ಹೀಗೆಯೇ ತೆರೆದುಕೊಂಡು ಉಳಿದಿತ್ತು, ಅಲ್ಲಿನವರೂ ನೀರನ್ನು ತಗ್ಗಿಸಿದ್ದರು. ರಿಯಾಕ್ಟರ್ ಅತಿ ಕಡಿಮೆ ಶಕ್ತಿಯಲ್ಲಿ ನಡೆಯುತ್ತಿದ್ದುದರಿಂದ ಮತ್ತು ಕಾರಣ ಬೇಗನೆ ಕಣ್ಣಿಗೆ ಬಿದ್ದುದರಿಂದ ಅನಾಹುತ ತಪ್ಪಿತು. ಆ ಪಾಠ ಬೇರೆ ಸ್ಥಾವರಗಳ ತರಗತಿಗೆ ಬರಲಿಲ್ಲ. 1979ರ ಅಪಘಾತದ ತನಿಖೆ ನಡೆಸಿದ ಕೆಮೆನಿ ಆಯೋಗ ಆಪರೇಟರುಗಳ ತರಬೇತಿಯನ್ನು ಕಟುವಾಗಿ ಟೀಕಿಸಿತು, ಮತ್ತು ಅಮೆರಿಕದ ಸ್ಥಾವರಗಳು ಅದೇ ವರ್ಷ ಇನ್ಪೋ ಎಂಬ ಸಂಸ್ಥೆಯನ್ನು ಕಟ್ಟಿಕೊಂಡು, ಒಬ್ಬರ ಅನುಭವ ಎಲ್ಲರಿಗೂ ತಲುಪುವ ವ್ಯವಸ್ಥೆ ಮಾಡಿಕೊಂಡವು. ಚೆರ್ನೋಬಿಲ್‌ನ ನಂತರ 1989ರಲ್ಲಿ ವಾನೋ ಸಂಸ್ಥೆ ಇದನ್ನೇ ಜಾಗತಿಕ ಮಟ್ಟಕ್ಕೆ ಒಯ್ದಿತು.

ಈಗಿನ ಪದ್ಧತಿ ಆ ಕಾಲದ್ದಲ್ಲ. ಪೂರ್ಣ ಪ್ರಮಾಣದ ಸಿಮ್ಯುಲೇಟರ್ ನಿಯಂತ್ರಣ ಕೊಠಡಿಯ ಯಥಾವತ್ ಪ್ರತಿರೂಪವಾಗಿರುತ್ತದೆ, ಒಬ್ಬೊಬ್ಬರನ್ನು ಮಾತ್ರವಲ್ಲದೆ ಇಡೀ ಪಾಳಿಯ ತಂಡವನ್ನು ಪರೀಕ್ಷಿಸಲಾಗುತ್ತದೆ. ಸೂಚನೆ ಕೇಳಿದವರು ಅದನ್ನು ಪುನರುಚ್ಚರಿಸಿ, ಕೊಟ್ಟವರು ದೃಢಪಡಿಸಿದ ನಂತರವೇ ಕೈ ಸ್ವಿಚ್ಚಿನ ಕಡೆ ಹೋಗಬೇಕು. ತುರ್ತು ಸೂಚನಾವಳಿಗಳೂ ಬದಲಾದವು: ಏನು ಕೆಟ್ಟಿದೆ ಎಂಬುದು ತಿಳಿಯುವ ಮೊದಲೇ ಗರ್ಭ ತಂಪಾಗಿದೆಯೇ, ಒತ್ತಡ ಸರಿಯಿದೆಯೇ ಎಂಬ ಮೂಲ ಸ್ಥಿತಿಗಳನ್ನು ಕಾಪಾಡುವಂತೆ ಅವನ್ನು ಬರೆಯಲಾಗಿದೆ. ಅಮೆರಿಕದಲ್ಲಿ ಆಪರೇಟರ್ ಪರವಾನಗಿಯ ಅವಧಿ 6 ವರ್ಷ; ಅದರೊಳಗೂ ಪ್ರತಿವರ್ಷ ಕಾರ್ಯಾಚರಣೆಯ ಪರೀಕ್ಷೆ ಇರುತ್ತದೆ.

ಪ್ರಶ್ನೆ (ಪಾಲಿಟೆಕ್ನಿಕ್ ಉಪನ್ಯಾಸಕಿ): ಎಲ್ಲ ಚರ್ಚೆಯೂ ಎಂಜಿನಿಯರುಗಳ ಸುತ್ತಲೇ ಇದೆ. ವೆಲ್ಡರ್, ಫಿಟ್ಟರ್, ತಂತ್ರಜ್ಞರ ಗತಿಯೇನು?

ಉತ್ತರ: ನಿಮ್ಮ ಆಕ್ಷೇಪ ನ್ಯಾಯವಾದದ್ದು, ಮತ್ತು ನನ್ನ ಅಭಿಪ್ರಾಯದಲ್ಲಿ ಕೊರತೆ ತೀವ್ರವಾಗಿರುವುದು ಅಲ್ಲಿಯೇ. ಫ್ರಾನ್ಸಿನ ಫ್ಲಾಮನ್‌ವಿಲ್‌ನ ಮೂರನೆಯ ಘಟಕವನ್ನು ನೋಡಿ. 2007ರಲ್ಲಿ ಕಟ್ಟಲಾರಂಭಿಸಿ 2012ರ ವೇಳೆಗೆ ಮುಗಿಸುವ ಅಂದಾಜಿದ್ದ ಆ ಘಟಕ ಗ್ರಿಡ್ಡಿಗೆ ಜೋಡಣೆಯಾದದ್ದು 2024ರ ಡಿಸೆಂಬರಿನಲ್ಲಿ. ವಿಳಂಬಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು, ಮುಖ್ಯ ಹಬೆ ಕೊಳವೆಗಳ ಬೆಸುಗೆಗಳು ನಿಗದಿತ ಗುಣಮಟ್ಟ ಮುಟ್ಟದಿದ್ದದ್ದು. ರಿಯಾಕ್ಟರನ್ನು ಸುತ್ತುವರಿದ ಕವಚದ ಎರಡು ಗೋಡೆಗಳ ನಡುವೆ ಹಾಯುವ 8 ಬೆಸುಗೆಗಳನ್ನು ಮತ್ತೆ ಮಾಡಬೇಕೆಂದು ನಿಯಂತ್ರಣ ಪ್ರಾಧಿಕಾರ 2019ರಲ್ಲಿ ನಿರ್ಧರಿಸಿತು. ಈ ಘಟಕದ ಕೆಲಸ ಆರಂಭವಾಗುವುದಕ್ಕೂ ಹಿಂದಿನ ದೀರ್ಘಕಾಲ ಆ ದೇಶದಲ್ಲಿ ಹೊಸ ರಿಯಾಕ್ಟರ್ ನಿರ್ಮಾಣ ನಿಂತೇಹೋಗಿದ್ದುದರಿಂದ ಕೈಗಳು ಅಭ್ಯಾಸ ತಪ್ಪಿದ್ದವು. ಮುಂದೆ ಉದ್ಯಮದ ಸಂಸ್ಥೆಗಳೇ ಕೂಡಿ ಶೆರ್‌ಬುರ್ ಬಳಿ ಒಂದು ವೆಲ್ಡಿಂಗ್ ಶಾಲೆಯನ್ನು ತೆರೆಯಬೇಕಾಯಿತು. ಸಂಗೀತದ ಸಾಧಕರಿಗೆ ಇರುವಂತೆಯೇ ವೆಲ್ಡರಿಗೂ ದಿನನಿತ್ಯದ ಅಭ್ಯಾಸವೇ ಬಂಡವಾಳ. ಪ್ರಮಾಣಪತ್ರ ಕಪಾಟಿನಲ್ಲಿದ್ದ ಮಾತ್ರಕ್ಕೆ ಕೈ ಉಳಿಯುವುದಿಲ್ಲ.

ತಂತ್ರಜ್ಞರಿಗೆ ಕೊಡುವ ತರಬೇತಿಯಲ್ಲಿ ವಿಕಿರಣದ ಲೆಕ್ಕವೂ ಇದೆ. ಗಂಟೆಗೆ 2 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ) ವಿಕಿರಣವಿರುವ ಜಾಗದಲ್ಲಿ 30 ನಿಮಿಷ ದುಡಿದರೆ 1 ಮಿಲಿಸೀವರ್ಟ್ ಮೈಗೆ ಸೇರುತ್ತದೆ. ಅದೇ ಕೆಲಸವನ್ನು ಹೊರಗೆ ನಕಲಿ ಮಾದರಿಯ ಮೇಲೆ ಸಾಕಷ್ಟು ಅಭ್ಯಾಸ ಮಾಡಿ 15 ನಿಮಿಷಕ್ಕೆ ಇಳಿಸಿಕೊಂಡರೆ ಅದು ಅರ್ಧವಾಗುತ್ತದೆ. ಅಂತರರಾಷ್ಟ್ರೀಯ ಶಿಫಾರಸಿನ ಮಿತಿ 5 ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಇರುವಾಗ, ಕೌಶಲವೇ ನೇರವಾಗಿ ಸುರಕ್ಷತೆಯಾಗುತ್ತದೆ. ನಿಮ್ಮ ವಿದ್ಯಾರ್ಥಿಗಳಿಗೆ ಸಮಯ ಅಳೆದು ಕೆಲಸ ಮಾಡುವುದನ್ನೂ, ಮಾಡಿದ್ದನ್ನು ಬರೆದಿಡುವುದನ್ನೂ ಈಗಲೇ ರೂಢಿಸಿ.

ಪ್ರಶ್ನೆ (ಮೊದಲ ವಿದ್ಯಾರ್ಥಿ): ಇಂತಿಂಥವರಿಗೆ ಇಂತಿಂಥದ್ದನ್ನು ಕಲಿಸಬೇಕೆಂದು ಯಾರು ತೀರ್ಮಾನಿಸುತ್ತಾರೆ? ಹೊಸದಾಗಿ ಆರಂಭಿಸುವ ದೇಶಕ್ಕೆ ಎಷ್ಟು ಕಾಲ ಬೇಕು?

ಉತ್ತರ: ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಶಿಫಾರಸು ಮಾಡುವ ಕ್ರಮದಲ್ಲಿ ಪಠ್ಯಪುಸ್ತಕಕ್ಕಿಂತ ಮೊದಲು ಕೆಲಸದ ವಿಶ್ಲೇಷಣೆ ಬರುತ್ತದೆ. ಒಂದು ಹುದ್ದೆಯವರು ನಿಜವಾಗಿ ಮಾಡುವ ಕಾರ್ಯಗಳನ್ನು ಪಟ್ಟಿಮಾಡಿ, ಅದರಿಂದ ಪಾಠವನ್ನು ರೂಪಿಸಿ, ಸಾಮಗ್ರಿ ಸಿದ್ಧಪಡಿಸಿ, ಕಲಿಸಿ, ಕೊನೆಗೆ ಕಲಿತವರು ಕೆಲಸದ ಜಾಗದಲ್ಲಿ ಹೇಗೆ ನಡೆದುಕೊಳ್ಳುತ್ತಾರೆ ಎಂದು ಮೌಲ್ಯಮಾಪನ ಮಾಡಬೇಕು. ಹೆಚ್ಚಿನ ಕಡೆ ಸೊರಗುವುದು ಈ ಕೊನೆಯ ಹಂತ. ತರಗತಿಯ ಅಂಕಪಟ್ಟಿಯನ್ನೇ ಮೌಲ್ಯಮಾಪನವೆಂದು ಭಾವಿಸಿ ಕಡತ ಮುಚ್ಚುವ ತರಬೇತಿ ವಿಭಾಗಗಳು ಕಡಿಮೆಯೇನಿಲ್ಲ.

ಕಾಲದ ಬಗ್ಗೆ: ಮೊದಲ ಸ್ಥಾವರಕ್ಕೆ ಯೋಚನೆಯಿಂದ ವಿದ್ಯುತ್ತಿನವರೆಗೆ 10ರಿಂದ 15 ವರ್ಷ ಎಂಬುದು ಅದೇ ಸಂಸ್ಥೆಯ ಅಂದಾಜು. ಸಂಯುಕ್ತ ಅರಬ್ ಸಂಸ್ಥಾನದ ಬರಾಕಾದಲ್ಲಿ ಮೊದಲ ಘಟಕದ ನಿರ್ಮಾಣ 2018ರಲ್ಲಿ ಮುಗಿದಿತ್ತು. ಕಾರ್ಯಾಚರಣೆಯ ಪರವಾನಗಿ ಬಂದದ್ದು 2020ರ ಫೆಬ್ರುವರಿಯಲ್ಲಿ. ಇಂಧನ ತುಂಬುವ ದಿನಾಂಕವನ್ನು ಮುಂದೂಡಿದಾಗ ಸ್ಥಾವರದವರು ಕೊಟ್ಟ ಕಾರಣಗಳಲ್ಲಿ ಆಪರೇಟರುಗಳ ತರಬೇತಿ ಪೂರ್ಣಗೊಳ್ಳಬೇಕು ಎಂಬುದೂ ಇತ್ತು. ಅದು ಸರಿಯಾದ ನಿರ್ಧಾರವೆಂದೇ ನಾನು ಎಣಿಸುತ್ತೇನೆ. ಆದರೆ ಹೊಸದಾಗಿ ಯೋಜನೆ ಹಾಕುವವರು ಆಪರೇಟರುಗಳ ಮೊದಲ ತಂಡದ ನೇಮಕಾತಿಯನ್ನು ಇಂಧನ ಬರುವುದಕ್ಕೆ ಹಲವು ವರ್ಷ ಮುಂಚೆ, ಕಾಂಕ್ರೀಟಿನ ಕೆಲಸ ನಡೆಯುತ್ತಿರುವಾಗಲೇ ಮುಗಿಸಬೇಕು.